ಹದಿನಾಲ್ಕು ತಿಂಗಳು ಸಾಮಾನು ಇಟ್ಟ ಕೋಣೆ: ಒಂದು ಸೆಲ್ಫ್ ಸ್ಟೋರೇಜ್ ಸೇವೆಯ ವಿಮರ್ಶೆ

ಮನೆಯ ಸಾಮಾನನ್ನೆಲ್ಲ ಹದಿನಾಲ್ಕು ತಿಂಗಳ ಕಾಲ ಒಂದು ಸೆಲ್ಫ್ ಸ್ಟೋರೇಜ್ ಸಂಸ್ಥೆಯ ಕೋಣೆಯಲ್ಲಿಟ್ಟು, ಕಳೆದ ತಿಂಗಳು ಅದನ್ನು ತೆರವು ಮಾಡಿದೆ. ಕೆಲಸದ ನಿಮಿತ್ತ ಬೇರೆ ಊರಿನಲ್ಲಿ, ಪೀಠೋಪಕರಣಗಳ ಸಮೇತ ಬಾಡಿಗೆಗೆ ಸಿಕ್ಕ ಸಣ್ಣ ಮನೆಯೊಂದರಲ್ಲಿ ಇರಬೇಕಾಗಿ ಬಂದಿತ್ತು. ಮೊದಲಿದ್ದ ಮನೆಯ ಬೀರು, ಮಂಚ, ಪುಸ್ತಕ, ಫ್ರಿಜ್ಜುಗಳನ್ನು ಮಾರಲು ಮನಸ್ಸಾಗದೆ, ಅಕ್ಕನ ಮನೆಯಲ್ಲಿ ತಂದು ತುಂಬಲು ಸಂಕೋಚವಾಗಿ, ಕೊನೆಗೆ ಈ ದಾರಿ ಹಿಡಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನಗಾದ ತೊಂದರೆಗಳಲ್ಲಿ ಅರ್ಧದಷ್ಟು ನನ್ನ ತಿಳಿವಳಿಕೆಯ ಕೊರತೆಯಿಂದಲೇ ಆದವು, ಉಳಿದರ್ಧಕ್ಕೆ ಈ ವ್ಯವಹಾರದ ಸ್ವರೂಪವೇ ಕಾರಣವೆಂದು ಈಗ ಅನಿಸುತ್ತದೆ. ಒಟ್ಟು ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಮತ್ತೆ ಅಗತ್ಯ ಬಿದ್ದರೆ ಇದೇ ಸಂಸ್ಥೆಗೆ ಹೋಗುತ್ತೇನೆ, ಆದರೆ ಇದೇ ಕೋಣೆಯನ್ನು ಮತ್ತೆ ಹಿಡಿಯುವುದಿಲ್ಲ.

ಈ ಸೇವೆಯಲ್ಲಿ ನಾವು ಬಾಡಿಗೆಗೆ ಪಡೆಯುವುದು ಏನನ್ನು ಎಂಬುದು ನನಗೆ ಸ್ಪಷ್ಟವಾದದ್ದು ಕರಾರು ಪತ್ರವನ್ನು ಎರಡನೆಯ ಸಲ ಓದಿದಾಗ. ಗೋದಾಮಿಗೆ ಸರಕು ಒಪ್ಪಿಸಿದರೆ ಗೋದಾಮಿನವರು ಅದನ್ನು ಎಣಿಸಿ, ಪಟ್ಟಿ ಮಾಡಿ, ರಸೀದಿ ಕೊಟ್ಟು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಒಪ್ಪಿಸಿದ ವಸ್ತು ಕೆಟ್ಟರೆ ಉತ್ತರ ಹೇಳುವ ಹೊಣೆ ಅವರ ಮೇಲೆ ಬೀಳುತ್ತದೆ. ಸೆಲ್ಫ್ ಸ್ಟೋರೇಜಿನಲ್ಲಿ ಹಾಗಿಲ್ಲ. ಇಲ್ಲಿ ಸಾಮಾನು ತಂದಿಡುವವರು ನಾವು, ಬೀಗ ಹಾಕುವವರು ನಾವು, ಕೀಲಿಕೈ ಇರುವುದೂ ನಮ್ಮ ಬಳಿಯೇ. ಒಳಗೆ ಏನಿದೆಯೆಂದು ಸಂಸ್ಥೆಗೆ ಗೊತ್ತಿರುವುದಿಲ್ಲ, ಗೊತ್ತು ಮಾಡಿಕೊಳ್ಳುವ ಇಚ್ಛೆಯೂ ಅದಕ್ಕಿಲ್ಲ. ನನ್ನ ಕರಾರಿನ ಮೂರನೆಯ ಕಲಮು ಇದನ್ನು ನೇರವಾಗಿಯೇ ಹೇಳಿತ್ತು: ಸಂಸ್ಥೆಯು ಸ್ಥಳವನ್ನು ಮಾತ್ರ ಒದಗಿಸುತ್ತದೆ, ವಸ್ತುಗಳ ಪಾಲನೆಯ ಹೊಣೆಯನ್ನು ವಹಿಸಿಕೊಳ್ಳುವುದಿಲ್ಲ. ಮುಂಭಾಗದ ಕ್ಯಾಮೆರಾಗಳು, ಗೇಟಿನ ಸಂಕೇತ ಸಂಖ್ಯೆ, ಸಮವಸ್ತ್ರದ ಕಾವಲುಗಾರ ಇವನ್ನೆಲ್ಲ ನೋಡಿ ಸಾಮಾನನ್ನು ಯಾರದೋ ಸುಪರ್ದಿಗೆ ಕೊಟ್ಟೆವೆಂದು ನೆಮ್ಮದಿಯಾಗಿರುವವರು ಈ ಒಂದು ಕಲಮನ್ನು ಓದಬೇಕು. ಕೋಣೆಯ ಅಳತೆ, ಗಾಳಿ, ಬೀಗ, ವಿಮೆ ಹೀಗೆ ಮುಂದೆ ನಾನು ಬರೆಯುವುದೆಲ್ಲವೂ ಈ ಮಾತಿನಿಂದಲೇ ಹೊರಡುತ್ತದೆ.

ಕೋಣೆಗಳ ಅಳತೆಯನ್ನು ಸಾಮಾನ್ಯವಾಗಿ ಅಡಿಗಳಲ್ಲಿ ಹೇಳುತ್ತಾರೆ: 5×5, 5×10, 10×10, 10×15, 10×20. ಎತ್ತರ ಬಹುಮಟ್ಟಿಗೆ 8 ಅಡಿಯ ಆಸುಪಾಸಿನಲ್ಲಿರುತ್ತದೆ. ದರಪಟ್ಟಿಯಲ್ಲಿ ಕಾಣುವುದು ನೆಲದ ವಿಸ್ತೀರ್ಣವಾದರೂ ನಾವು ತುಂಬುವುದು ಘನ ಅಡಿಗಳನ್ನು ಎಂಬುದನ್ನು ಮರೆಯಬಾರದು. 10×10ರ ಕೋಣೆಯಲ್ಲಿ ಕಾಗದದ ಮೇಲೆ 800 ಘನ ಅಡಿ ಇದೆ. ಆದರೆ ಚಾವಣಿಯಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ಗಳಿದ್ದರೆ ಅವುಗಳ ಕೆಳಗೆ 18 ಇಂಚು ಖಾಲಿ ಬಿಡಬೇಕಾಗುತ್ತದೆ, ಇಲ್ಲವಾದರೆ ನೀರು ಎಲ್ಲೆಡೆ ಹರಡುವುದಿಲ್ಲ. ಹೀಗಾಗಿ ಎತ್ತರ ಆರೂವರೆ ಅಡಿಗೆ ಇಳಿಯಿತು, ಘನ ಅಡಿ 650ಕ್ಕೆ ಇಳಿಯಿತು. ಹಿಂದಿನ ಸಾಲಿನವರೆಗೆ ನಡೆದು ಹೋಗಲು ಎರಡು ಅಡಿ ಅಗಲ, ಎಂಟು ಅಡಿ ಉದ್ದದ ದಾರಿ ಬಿಟ್ಟರೆ ಇನ್ನೊಂದು ನೂರು ಘನ ಅಡಿ ಹೋಯಿತು. ಕೈಗೆ ಸಿಕ್ಕುವುದು ಹೆಚ್ಚೆಂದರೆ 550. ಈ ಲೆಕ್ಕವನ್ನು ನನಗೆ ಯಾರೂ ಹೇಳಲಿಲ್ಲ, ಸಾಮಾನು ತುಂಬುವ ದಿನ ಕೋಣೆಯಲ್ಲೇ ನಿಂತು ಮಾಡಿಕೊಂಡೆ.

ಸಂಸ್ಥೆಯ ಸಿಬ್ಬಂದಿ ನನ್ನ ಸಾಮಾನಿನ ಪಟ್ಟಿಯನ್ನು ತಮ್ಮ ಲೆಕ್ಕಾಚಾರದ ತಂತ್ರಾಂಶಕ್ಕೆ ಹಾಕಿ 10×15 ಬೇಕಾದೀತೆಂದರು. ಆ ತಂತ್ರಾಂಶಗಳು ಒಂದು ಅಳತೆ ಹೆಚ್ಚಾಗಿಯೇ ಹೇಳುತ್ತವೆಂಬ ಗುಮಾನಿ ನನಗಿತ್ತು. ಮನೆಗೆ ಬಂದು ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಹತ್ತಡಿ ಹತ್ತಡಿಯ ಚೌಕ ಎಳೆದು, ನಾನೂ ಅಕ್ಕನೂ ಸೇರಿ ಸಾಮಾನನ್ನು ಒಂದೊಂದಾಗಿ ಅದರೊಳಗೆ ತಂದು ಜೋಡಿಸಿದೆವು. ಸಂಜೆಯ ಹೊತ್ತಿಗೆ ಎಲ್ಲವೂ ಗೆರೆಯೊಳಗೆ ಬಂತು. ಅಕ್ಕ ಬಾಗಿಲ ಬಳಿ ನಿಂತು, "ಎಲ್ಲ ಹಿಡಿಸಿತು, ಸರಿ. ಹಿಂದಿನ ಪೆಟ್ಟಿಗೆ ಬೇಕಾದಾಗ ಯಾವ ಕಡೆಯಿಂದ ಹೋಗ್ತೀಯ?" ಎಂದಳು. ಆಗ ಮತ್ತೆ ತೆಗೆದು, ನಡುವೆ ದಾರಿ ಬಿಟ್ಟು, ಪುಸ್ತಕದ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಏರಿಸಿ ಜೋಡಿಸಿದ್ದಾಯಿತು. ಒಂದು ಸಂಜೆಯ ಈ ಶ್ರಮದಿಂದ 10×10 ಸಾಕೆಂದು ಖಾತ್ರಿಯಾಗಿ, ಹದಿನಾಲ್ಕು ತಿಂಗಳೂ ಐವತ್ತು ಚದರ ಅಡಿಯ ಬಾಡಿಗೆ ಉಳಿಯಿತು. ಯಾರಾದರೂ ಕೇಳಿದರೆ ಇಡೀ ವ್ಯವಹಾರದಲ್ಲಿ ನಾನು ಮಾಡಿದ ಅತ್ಯಂತ ಜಾಣ ಕೆಲಸ ಇದೇ ಎನ್ನುತ್ತೇನೆ.

ಕೋಣೆಯ ಅಳತೆಯಷ್ಟೇ ಮುಖ್ಯವಾದದ್ದು ಕೋಣೆಗೆ ಹೋಗುವ ದಾರಿಯ ಅಳತೆ. ನನ್ನ ಕೋಣೆ ಎರಡನೆಯ ಮಹಡಿಯಲ್ಲಿತ್ತು. ನೆಲಮಹಡಿಯ ಕೋಣೆಗಳಿಗಿಂತ ಬಾಡಿಗೆ ಕಡಿಮೆಯೆಂದು ಅದನ್ನು ಒಪ್ಪಿದ್ದೆ. ಷಟರ್ ತೆರೆದರೆ 8 ಅಡಿ ಅಗಲ, 7 ಅಡಿ ಎತ್ತರದ ಬಾಗಿಲು ಸಿಗುತ್ತಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಲಿಫ್ಟಿನ ಒಳ ಉದ್ದ ಆರಡಿಗೆ ಸ್ವಲ್ಪ ಹೆಚ್ಚು, ನನ್ನ ಸೋಫಾ ಏಳಡಿ. ಅದನ್ನು ನೆಟ್ಟಗೆ ನಿಲ್ಲಿಸಿ, ಒಬ್ಬರು ಒಳಗಿನಿಂದ ಆತು ಹಿಡಿದು ಮೇಲಕ್ಕೊಯ್ಯಬೇಕಾಯಿತು. ಟೇಪು ಹಿಡಿದು ಹೋಗಿದ್ದೆ ನಿಜ, ಆದರೆ ಅಳೆದದ್ದು ಕೋಣೆಯನ್ನು ಮಾತ್ರ. ಲಾರಿ ನಿಲ್ಲುವ ಜಾಗ, ಅಲ್ಲಿಂದ ಲಿಫ್ಟಿಗೆ ಇರುವ ದೂರ, ಲಿಫ್ಟಿನ ಬಾಗಿಲು, ಕಾರಿಡಾರಿನ ತಿರುವು ಇವಿಷ್ಟನ್ನೂ ಅಳೆಯದೆ ಮೇಲಿನ ಮಹಡಿಯ ಕೋಣೆಯನ್ನು ಗೊತ್ತು ಮಾಡಬಾರದು. ಇಡೀ ಮಹಡಿಗೆ ಎರಡೇ ಟ್ರಾಲಿಗಳಿದ್ದವು. ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ ಅವಕ್ಕಾಗಿ ಜನ ಸಾಲು ನಿಲ್ಲುತ್ತಿದ್ದರು. ತಿಂಗಳ ನಡುವಿನ ವಾರದಲ್ಲಿ, ರಜೆಯಲ್ಲದ ದಿನ ಹೋದರೆ ಅರ್ಧ ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ.

ಆಯ್ಕೆಗೆ ಮುನ್ನ ಮೂರು ಕಡೆ ನೋಡಿದ್ದೆ. ಒಂದು ಕಡೆ ಕಚೇರಿಯ ಪಕ್ಕದ ಮಾದರಿ ಕೋಣೆಯನ್ನು ತೋರಿಸಿ, ನಿಮಗೆ ಸಿಗುವುದೂ ಹೀಗೇ ಇರುತ್ತದೆ ಎಂದರು. ನನಗೆ ಕೊಡಲಿರುವ ಕೋಣೆಯನ್ನೇ ತೋರಿಸಿ ಎಂದಾಗ ಕೀಲಿಕೈ ಇಲ್ಲವೆಂದು ನೆಪ ಹೇಳಿದರು. ಅಲ್ಲಿಗೆ ಮತ್ತೆ ಹೋಗಲಿಲ್ಲ. ಇನ್ನೊಂದರಲ್ಲಿ ಕಾರಿಡಾರಿಗೆ ಕಾಲಿಟ್ಟ ಕೂಡಲೇ ಹಳೆಯ ಒದ್ದೆ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಅದರ ಮೇಲೆ ಸುಗಂಧದ ಸ್ಪ್ರೇ ಬೇರೆ ಹೊಡೆದಿದ್ದರು. ಮೂರನೆಯವರು, ಅಂದರೆ ನಾನು ಒಪ್ಪಿದವರು, ನನಗೆ ಕೊಡಲಿರುವ ಕೋಣೆಯ ಷಟರನ್ನು ತಾವೇ ಎತ್ತಿ, ನೋಡಿ ಎಂದು ಹೇಳಿ ದೂರ ನಿಂತರು. ಅಕ್ಕನನ್ನು ಹೊರಗೆ ನಿಲ್ಲಿಸಿ, ನಾನು ಒಳಗೆ ಹೋಗಿ ಷಟರ್ ಇಳಿಸಿಕೊಂಡು ಎರಡು ನಿಮಿಷ ಕತ್ತಲೆಯಲ್ಲಿ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಬೆಳಕು ಎಲ್ಲಿಂದ ನುಸುಳುತ್ತದೆಂದು ತಿಳಿಯುತ್ತದೆ, ಬೆಳಕು ಬರುವ ಕಡೆಯಿಂದಲೇ ದೂಳು, ಜಿರಳೆ, ಎರಚಲು ನೀರೂ ಬರುತ್ತವೆ. ಷಟರಿನ ಕೆಳಗಿನ ರಬ್ಬರ್ ಪಟ್ಟಿ ಎಡಮೂಲೆಯಲ್ಲಿ ಎರಡು ಬೆರಳಷ್ಟು ಸವೆದಿತ್ತು. ಹೇಳಿದ ಮರುದಿನವೇ ಬದಲಾಯಿಸಿಕೊಟ್ಟರು. ಗೋಡೆಯ ಬುಡದಲ್ಲಿ ಇಲಿಯ ಹಿಕ್ಕೆಯಾಗಲಿ, ನೆಲದಲ್ಲಿ ನೀರು ನಿಂತು ಒಣಗಿದ ಬಿಳಿ ಕಲೆಯಾಗಲಿ ಇರಲಿಲ್ಲ. ಕೋಣೆಗಳ ನಡುವಿನ ಗೋಡೆ ತಗಡಿನದು, ಮೇಲ್ಭಾಗದಲ್ಲಿ ತಂತಿಬಲೆ; ಹೀಗಾಗಿ ಪಕ್ಕದ ಕೋಣೆಯವರು ಇಡುವ ವಸ್ತುವಿನ ವಾಸನೆ ಮತ್ತು ಹುಳು ನಮ್ಮವೂ ಆಗುತ್ತವೆ ಎಂಬುದು ಆಗಲೇ ಮನಸ್ಸಿಗೆ ಬಂದಿತ್ತು, ಆದರೆ ಅದಕ್ಕೆ ಪರಿಹಾರವಿರಲಿಲ್ಲ.

ನಾನು ಎಡವಿದ್ದು ಗಾಳಿಯ ವಿಷಯದಲ್ಲಿ. ಕೋಣೆ ತಾಪಮಾನ ನಿಯಂತ್ರಿತವೆಂದು ಹೇಳಿ ಸಂಸ್ಥೆ ಸ್ವಲ್ಪ ಹೆಚ್ಚಿನ ಬಾಡಿಗೆ ಪಡೆಯುತ್ತಿತ್ತು, ನಾನೂ ಅದರಲ್ಲಿ ತೇವದ ನಿಯಂತ್ರಣವೂ ಸೇರಿದೆಯೆಂದು ಭಾವಿಸಿ ಸಂತೋಷದಿಂದಲೇ ಕೊಟ್ಟೆ. ಎರಡೂ ಬೇರೆ ಬೇರೆ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣಗಾದಷ್ಟೂ ಆ ಶಕ್ತಿ ಕುಗ್ಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 50ರಷ್ಟು ಸಾಪೇಕ್ಷ ಆರ್ದ್ರತೆ (ಅಂದರೆ ಆ ಬಿಸಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ಅರ್ಧದಷ್ಟು) ಇರುವ ಗಾಳಿಯನ್ನು ಅದರೊಳಗಿನ ನೀರಾವಿಯನ್ನು ತೆಗೆಯದೆ ಹಾಗೆಯೇ 20 ಡಿಗ್ರಿಗೆ ತಂಪು ಮಾಡಿದರೆ ಆರ್ದ್ರತೆ ಶೇ. 90ರ ಹತ್ತಿರ ಹೋಗಿ ನಿಲ್ಲುತ್ತದೆ. ಅಂದರೆ ತಂಪಾದ ಕೋಣೆ ಒಣ ಕೋಣೆಯಾಗಿರಬೇಕೆಂದಿಲ್ಲ, ಕೆಲವೊಮ್ಮೆ ತಂಪೇ ತೇವಕ್ಕೆ ಕಾರಣವಾಗುತ್ತದೆ. ಮರ, ಕಾಗದ, ಬಟ್ಟೆ, ಚರ್ಮ, ಛಾಯಾಚಿತ್ರಗಳಿಗೆ ಶೇ. 30ರಿಂದ 50 ಹಿತಕರ. 60 ಮೀರಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಆಹ್ವಾನವಿತ್ತಂತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಡಿಗ್ರಿ ಇರುತ್ತದೆ ಎಂಬುದಲ್ಲ. ತೇವ ಹೀರುವ ಯಂತ್ರ ಇದೆಯೇ, ಯಾವ ಮಟ್ಟ ದಾಟಿದರೆ ಅದು ಚಾಲೂ ಆಗುತ್ತದೆ, ಆ ಮಟ್ಟ ಕರಾರಿನಲ್ಲಿ ಬರೆದಿದೆಯೇ ಎಂಬುದು. ನನ್ನ ಕರಾರಿನಲ್ಲಿ ಆರ್ದ್ರತೆಯ ಪದವೇ ಇರಲಿಲ್ಲ.

ಆರನೆಯ ತಿಂಗಳಲ್ಲಿ ಎರಡು ದಿನ ರಜೆ ಸಿಕ್ಕಾಗ ಕೋಣೆಗೆ ಹೋಗಿ ಷಟರ್ ಎತ್ತಿದೆ. ಮೇಲಿನ ಸಾಲಿನಲ್ಲಿ ಎಲ್ಲವೂ ಇಟ್ಟಂತೆಯೇ ಇತ್ತು. ಹಿಂದಿನ ಗೋಡೆಗೆ ತಾಗಿಸಿ ಇಟ್ಟಿದ್ದ ಕೆಳಗಿನ ಸಾಲಿನ ಪುಸ್ತಕದ ಪೆಟ್ಟಿಗೆಯನ್ನು ಎಳೆದಾಗ ಮಾತ್ರ ಅದರ ಬೆನ್ನಿನ ರಟ್ಟು ಮೆತ್ತಗೆ ಕೈಗೆ ಅಂಟಿತು. ಒತ್ತಿದರೆ ಬೆರಳಿನ ಗುರುತು ಉಳಿಯುವಷ್ಟು ತೇವ. ಒಳಗಿನ ನಾಲ್ಕು ಪುಸ್ತಕಗಳ ಬಟ್ಟೆಯ ಹೊದಿಕೆಯ ಮೇಲೆ ಬೂದು ಬಣ್ಣದ ಚುಕ್ಕೆಗಳು ಎದ್ದಿದ್ದವು, ಒಂದರ ಪುಟಗಳು ಅಲೆಯಲೆಯಾಗಿ ಉಬ್ಬಿದ್ದವು. ನನ್ನ ಕೋಣೆಯ ಹಿಂಗೋಡೆ ಕಟ್ಟಡದ ಹೊರಗೋಡೆಯೇ ಆಗಿತ್ತು. ಹೊರಗಿನ ತಂಪಿಗೆ ಆ ಗೋಡೆ ತಣ್ಣಗಾಗಿ, ಒಳಗಿನ ಗಾಳಿಯ ತೇವ ಅದಕ್ಕೆ ತಾಗಿದ ರಟ್ಟಿನಲ್ಲಿ ಇಂಗುತ್ತಿತ್ತು. ಬಾಗಿಲ ಬಳಿ ತೂಗಿಹಾಕಿದ್ದ ಅಂಗೈಯಷ್ಟು ದೊಡ್ಡ ತೇವಮಾಪಕ ಆ ದಿನ ಶೇ. 67 ತೋರಿಸುತ್ತಿತ್ತು.

ವ್ಯವಸ್ಥಾಪಕರು ಬಂದು ನೋಡಿದರು, ಬೇಸರ ವ್ಯಕ್ತಪಡಿಸಿದರು, ಕರಾರಿನ ಕಲಮನ್ನೂ ವಿನಯದಿಂದಲೇ ತೋರಿಸಿದರು. ಸಾಮಾನನ್ನು ಗೋಡೆಗೆ ತಾಗಿಸಿ ಇಡಬಾರದೆಂಬ ಸೂಚನೆ ನಿಯಮಗಳ ಹಾಳೆಯಲ್ಲಿ ಇತ್ತು, ನಾನು ಅದನ್ನು ಪಾಲಿಸಿರಲಿಲ್ಲ. ಆದರೆ ಹೊರಗೋಡೆಗೆ ಅಂಟಿದ ಕೋಣೆ ತೇವ ಹಿಡಿಯುವುದುಂಟೆಂದು ಅವರಿಗೆ ಗೊತ್ತಿದ್ದೂ, ಪುಸ್ತಕ ಇಡುತ್ತೇನೆಂದು ನಾನು ಹೇಳಿದ್ದರೂ, ಕೋಣೆ ಗೊತ್ತು ಮಾಡುವಾಗ ಅದನ್ನು ಹೇಳದಿದ್ದುದು ಸರಿಯಲ್ಲವೆಂಬ ನನ್ನ ಆಕ್ಷೇಪಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಅದೇ ಬಾಡಿಗೆಗೆ ಒಳಭಾಗದ ಕೋಣೆಗೆ ಬದಲಾಯಿಸಿಕೊಳ್ಳಬಹುದು, ಸಾಗಿಸುವ ಕೆಲಸ ನಿಮ್ಮದೇ ಎಂದರು. ಒಬ್ಬನೇ ಇದ್ದುದರಿಂದ ಅದಾಗಲಿಲ್ಲ. ಹಿಂದಿನ ಸಾಲನ್ನೆಲ್ಲ ಗೋಡೆಯಿಂದ ಒಂದು ಗೇಣು ಮುಂದಕ್ಕೆಳೆದು, ಕೆಳಗೆ ಹಲಗೆಯ ಪ್ಯಾಲೆಟ್‌ಗಳನ್ನು ಹಾಕಿ, ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ತೆಗೆದು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳಿಗೆ ವರ್ಗಾಯಿಸಿ, ಪ್ರತಿ ಡಬ್ಬದೊಳಗೆ ಸಿಲಿಕಾ ಜೆಲ್ ಚೀಲ ಹಾಕಿದೆ. ಕೋಣೆಯ ಎರಡು ಮೂಲೆಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೇವ ಹೀರುವ ಡಬ್ಬಗಳನ್ನಿಟ್ಟೆ. ಎರಡು ತಿಂಗಳ ನಂತರ ಅಕ್ಕ ಹೋಗಿ ನೋಡಿದಾಗ ಆ ಡಬ್ಬಗಳ ತಳದಲ್ಲಿ ಒಂದೊಂದು ಲೋಟದಷ್ಟು ನೀರು ಸೇರಿತ್ತು. ಆ ನೀರು ಚೆಲ್ಲಿದರೆ ಲೋಹಕ್ಕೆ ತುಕ್ಕು ಹಿಡಿಸುತ್ತದೆ, ಆದ್ದರಿಂದ ಅಂಥ ಡಬ್ಬವನ್ನು ಸಾಮಾನಿನ ಮೇಲೆ ಇಡದೆ ನೆಲದ ಮೇಲೆಯೇ ಇಡಬೇಕು, ಮತ್ತು ಬದಲಾಯಿಸಲು ಯಾರಾದರೂ ಹೋಗಿಬರುವಂತಿರಬೇಕು.

ಕಟ್ಟುವಿಕೆಯ ಬಗ್ಗೆ ಹೇಳುವಾಗ ಪ್ಲಾಸ್ಟಿಕ್ ಹಾಳೆಯ ವಿಷಯವನ್ನು ಮೊದಲು ಹೇಳಬೇಕು. ಮರದ ಪೀಠೋಪಕರಣವನ್ನು ಹಿಗ್ಗುವ ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಸುತ್ತಿದರೆ ಸಾಗಣೆಯ ದಿನ ಗೀರು ಬೀಳುವುದಿಲ್ಲ, ನಿಜ; ಆದರೆ ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಮರದೊಳಗಿನ ತೇವ ಅಲ್ಲೇ ಉಳಿದು ಪಾಲಿಶ್ ಬೆಳ್ಳಗಾಗುತ್ತದೆ. ನಾನು ಬೀರುವಿನ ಪ್ಲಾಸ್ಟಿಕ್ ಬಿಚ್ಚಿ ಹಳೆಯ ಹತ್ತಿಯ ಹೊದಿಕೆ ಮುಚ್ಚಿದೆ, ಅದಕ್ಕೆ ಏನೂ ಆಗಲಿಲ್ಲ. ಫ್ರಿಜ್ಜನ್ನು ಮಂಜು ಕರಗಿಸಿ, ಒರೆಸಿ, ಒಂದು ದಿನ ಪೂರ್ತಿ ಬಾಗಿಲು ತೆರೆದು ಒಣಗಿಸಿ, ಕೋಣೆಯಲ್ಲೂ ಬಾಗಿಲ ಸಂದಿಗೆ ಮಡಿಚಿದ ಬಟ್ಟೆಯಿಟ್ಟು ಪೂರ್ತಿ ಮುಚ್ಚದಂತೆ ನಿಲ್ಲಿಸಿದ್ದರಿಂದ ದುರ್ವಾಸನೆ ಬರಲಿಲ್ಲ. ವಾಷಿಂಗ್ ಮಷಿನ್ನಿನ ಕೊಳವೆ ಮತ್ತು ಫಿಲ್ಟರಿನಲ್ಲಿ ಉಳಿದ ನೀರನ್ನು ಬಸಿಯಬೇಕು. ಮುಂಬಾಗಿಲಿನ ಯಂತ್ರವಾದರೆ, ಖರೀದಿಸಿದಾಗ ಡ್ರಮ್ ಅಲುಗದಂತೆ ಹಿಂದೆ ಬಿಗಿದಿದ್ದ ಬೋಲ್ಟುಗಳನ್ನು ಮತ್ತೆ ಹಾಕಿಯೇ ಸಾಗಿಸಬೇಕು. ಬಹಳ ಜನ ಆ ಬೋಲ್ಟುಗಳನ್ನು ಮೊದಲ ದಿನವೇ ಎಸೆದಿರುತ್ತಾರೆ. ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿಟ್ಟರೆ ನಡು ಬಾಗುತ್ತದೆ. ಮಲಗಿಸಿಡಲು ಜಾಗ ಬೇಕು, ಅದನ್ನು ಅಳತೆಯಲ್ಲೇ ಲೆಕ್ಕ ಹಿಡಿಯಬೇಕು. ನುಸಿಗುಳಿಗೆಗಳನ್ನು ಮುಚ್ಚಿದ ಕೋಣೆಯಲ್ಲಿ ಚೆಲ್ಲಾಡುವುದು ಬೇಡ: ಅವುಗಳ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಮೆತ್ತಗೂ ಮಾಡುತ್ತದೆ. ನನ್ನ ಮರೆವಿನಿಂದ ಹಾಳಾದದ್ದು ಗೋಡೆ ಗಡಿಯಾರ. ಸೆಲ್ ತೆಗೆಯದೆ ಸುತ್ತಿಟ್ಟಿದ್ದೆ. ಬಿಚ್ಚಿದಾಗ ಸೆಲ್ಲಿನ ತುದಿಯಿಂದ ಉಪ್ಪಿನಂಥ ಬಿಳಿ ಪುಡಿ ಹೊರಬಂದು ಸ್ಪ್ರಿಂಗನ್ನು ತಿಂದುಹಾಕಿತ್ತು.

ಬೀಗ ನಮ್ಮದೇ ಆದ್ದರಿಂದ ಅದನ್ನು ಆರಿಸುವ ಹೊಣೆಯೂ ನಮ್ಮದೇ. ಸಾಮಾನ್ಯ ಬೀಗದ ಉದ್ದ ಕೊಂಡಿ ಕತ್ತರಿಸುವ ಇಕ್ಕಳದ ಬಾಯಿಗೆ ಸುಲಭವಾಗಿ ಸಿಗುತ್ತದೆ. ದುಂಡನೆಯ ಡಿಸ್ಕ್ ಬೀಗದಲ್ಲಿ ಕೊಂಡಿಯ ಬಹುಭಾಗ ಒಳಗೆ ಅಡಗಿರುವುದರಿಂದ ಇಕ್ಕಳಕ್ಕೆ ಹಿಡಿತ ಸಿಗುವುದು ಕಷ್ಟ. ಸಂಸ್ಥೆಯ ಕಚೇರಿಯಲ್ಲೇ ಡಿಸ್ಕ್ ಬೀಗ ಮಾರುತ್ತಿದ್ದರು, ಹೊರಗಿನದಕ್ಕಿಂತ ಬೆಲೆ ಜಾಸ್ತಿ. ನಾನು ಹೊರಗಿನಿಂದಲೇ ತಂದೆ. ಖಾಲಿ ಕೋಣೆಗೂ ಮೊದಲ ದಿನದಿಂದಲೇ ಬೀಗ ಹಾಕಿಡಿ ಎಂದು ಕಾವಲುಗಾರರು ಹೇಳಿದ್ದು ಒಳ್ಳೆಯ ಸಲಹೆಯಾಗಿತ್ತು. ಭದ್ರತೆಯಲ್ಲಿ ಈ ಸಂಸ್ಥೆಗೆ ಪೂರ್ಣ ಅಂಕ ಕೊಡುತ್ತೇನೆ. ಗೇಟಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಸಂಕೇತ ಸಂಖ್ಯೆ, ಯಾರು ಎಷ್ಟು ಹೊತ್ತಿಗೆ ಬಂದುಹೋದರೆಂಬ ದಾಖಲೆ, ಕಾರಿಡಾರಿನ ಪ್ರತಿ ತಿರುವಿನಲ್ಲಿ ಕ್ಯಾಮೆರಾ. ಒಮ್ಮೆ ಅಕ್ಕ ಹೋದಾಗ, ಅವಳ ಹೆಸರು ನನ್ನ ಖಾತೆಯಲ್ಲಿ ಅನುಮತಿ ಪಡೆದವರ ಪಟ್ಟಿಯಲ್ಲಿ ಇಲ್ಲವೆಂದು ಒಳಗೆ ಬಿಡಲೇ ಇಲ್ಲ. ಅವಳಿಗೆ ಸಿಟ್ಟು ಬಂತು, ನನಗೆ ಸಮಾಧಾನವಾಯಿತು.

ವಿಮೆಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಸಂಸ್ಥೆ ವಸ್ತುಗಳ ಹೊಣೆ ಹೊರುವುದಿಲ್ಲವಾದ್ದರಿಂದ ವಿಮೆಯನ್ನು ಕಡ್ಡಾಯ ಮಾಡಿತ್ತು, ತನ್ನದೇ ಪಾಲಿಸಿಯನ್ನು ಮುಂದಿಟ್ಟಿತ್ತು. ಬೇರೆ ಕಡೆ ಇರುವ ಗೃಹೋಪಯೋಗಿ ವಸ್ತುಗಳ ವಿಮೆ ಇಂಥ ಕೋಣೆಗೂ ಅನ್ವಯಿಸುವುದಾದರೆ ಆ ದಾಖಲೆ ತೋರಿಸಿ ಇದನ್ನು ಬಿಡಬಹುದೆಂದು ಕೇಳಿದ ಮೇಲೆಯೇ ಹೇಳಿದರು. ಪಾಲಿಸಿಯಲ್ಲಿ ಬೆಂಕಿ, ಕಳ್ಳತನ, ಕೊಳವೆ ಒಡೆದು ನುಗ್ಗಿದ ನೀರು ಸೇರಿದ್ದವು. ಬೂಷ್ಟು, ಹುಳು, ಇಲಿ, ನಿಧಾನವಾಗಿ ಹಿಡಿಯುವ ತೇವ ಸೇರಿರಲಿಲ್ಲ. ಅಂದರೆ ನನ್ನ ಪುಸ್ತಕಗಳಿಗೆ ಒಂದು ಕಾಸೂ ಬರುವಂತಿರಲಿಲ್ಲ. ನಗದು, ಒಡವೆ, ಆಸ್ತಿಪತ್ರಗಳಿಗೂ ರಕ್ಷಣೆಯಿಲ್ಲ, ಅವನ್ನು ಅಲ್ಲಿ ಇಡಲೇಬಾರದು. ಇನ್ನೊಂದು ಸೂಕ್ಷ್ಮವಿದೆ. ಕಂತು ಕಡಿಮೆಯಾಗಲೆಂದು ಸಾಮಾನಿನ ಬೆಲೆಯನ್ನು ಅರ್ಧಕ್ಕೆ ಘೋಷಿಸಿದರೆ, ಇಂಥ ಅನೇಕ ಪಾಲಿಸಿಗಳಲ್ಲಿ ನಷ್ಟದ ಪರಿಹಾರವೂ ಅದೇ ಪ್ರಮಾಣದಲ್ಲಿ ಅರ್ಧವಾಗುತ್ತದೆ: ನೂರು ಬೆಲೆಯ ಸಾಮಾನಿಗೆ ಐವತ್ತು ಬರೆಸಿ, ಇಪ್ಪತ್ತರಷ್ಟು ನಷ್ಟವಾದರೆ, ಕೈಗೆ ಬರುವುದು ಹತ್ತು. ನಾನೂ ಮೊದಲು ಅರ್ಧವನ್ನೇ ಬರೆಸಲು ಹೊರಟಿದ್ದೆ, ಕೌಂಟರಿನಲ್ಲಿದ್ದ ಹುಡುಗಿ ಈ ಲೆಕ್ಕ ಹೇಳಿ ತಡೆದಳು. ಒಳಗಿಟ್ಟ ವಸ್ತುಗಳ ಪಟ್ಟಿ ಮತ್ತು ಫೋಟೋಗಳು ಸಂಸ್ಥೆಯಲ್ಲಿ ಇರುವುದಿಲ್ಲವಾದ್ದರಿಂದ, ಷಟರ್ ಇಳಿಸುವ ಮೊದಲು ಅವನ್ನು ನಾವೇ ತೆಗೆದಿಟ್ಟುಕೊಳ್ಳಬೇಕು.

ಬಾಡಿಗೆಯ ವಿಷಯದಲ್ಲಿ ನನಗೊಂದು ಸಣ್ಣ ಕಹಿ ಉಳಿದಿದೆ. ಮೊದಲ ಆರು ತಿಂಗಳಿಗೆ ಹೊಸಬರ ರಿಯಾಯಿತಿ ಇತ್ತು. ಏಳನೆಯ ತಿಂಗಳಲ್ಲಿ ರಿಯಾಯಿತಿ ಹೋಗುವುದು ಸಹಜ, ಅದಕ್ಕೆ ಸಿದ್ಧನಾಗಿದ್ದೆ. ಆದರೆ ಮೂಲ ದರವೂ ಶೇ. 15ರಷ್ಟು ಏರಿತ್ತು. ಮೂವತ್ತು ದಿನ ಮುಂಚಿತವಾಗಿ ಸೂಚನೆ ಕೊಟ್ಟು ದರ ಏರಿಸುವ ಹಕ್ಕನ್ನು ಕರಾರು ಅವರಿಗೆ ಕೊಟ್ಟಿತ್ತು, ಅವರು ಸೂಚನೆಯನ್ನು ಕಳಿಸಿಯೂ ಇದ್ದರು, ಆದರೆ ಆ ಇಮೇಲ್ ಜಾಹೀರಾತುಗಳ ರಾಶಿಯಲ್ಲಿ ಸೇರಿಹೋಗಿತ್ತು. ತಿಂಗಳ ಲೆಕ್ಕದ ಕರಾರು ನಮಗೆ ಬೇಕಾದಾಗ ಬಿಡುವ ಸ್ವಾತಂತ್ರ್ಯ ಕೊಡುತ್ತದೆಂದು ಎಲ್ಲರೂ ಹೊಗಳುತ್ತಾರೆ. ದರ ಏರಿಸುವ ಸ್ವಾತಂತ್ರ್ಯವನ್ನು ಅದು ಅವರಿಗೂ ಕೊಡುತ್ತದೆ. ಒಮ್ಮೆ ಕೋಣೆ ತುಂಬಿದ ಮೇಲೆ ಲಾರಿ ಕರೆಸಿ ಎಲ್ಲವನ್ನೂ ಮತ್ತೆ ಹೊರಹಾಕುವ ಖರ್ಚಿಗೆ ಹೋಲಿಸಿದರೆ ಏರಿಕೆಯನ್ನು ಒಪ್ಪುವುದೇ ಅಗ್ಗವೆಂದು ಅವರಿಗೂ ಗೊತ್ತು, ನಮಗೂ ಗೊತ್ತು. ಫೋನ್ ಮಾಡಿ, ಇನ್ನೂ ಏಳೆಂಟು ತಿಂಗಳು ಇರುತ್ತೇನೆಂದು ಲಿಖಿತವಾಗಿ ಕೊಡುವುದಾಗಿ ಹೇಳಿದಾಗ ಏರಿಕೆಯನ್ನು ಅರ್ಧಕ್ಕೆ ಇಳಿಸಿದರು. ಕೇಳದಿದ್ದರೆ ಇಳಿಸುತ್ತಿರಲಿಲ್ಲ. ಹಿಡಿಯುವ ದಿನವೇ ಒಂದು ವರ್ಷದವರೆಗೆ ದರ ಎಷ್ಟು ಏರಬಹುದೆಂಬ ಮಿತಿಯನ್ನು ಬರೆಸಿಕೊಳ್ಳುವುದು ಮೇಲು.

ಬಾಡಿಗೆ ಬಾಕಿಯಾದರೆ ಏನಾಗುತ್ತದೆಂಬ ಕಲಮನ್ನೂ ಓದಿರಬೇಕು. ಮೊದಲು ವಿಳಂಬ ಶುಲ್ಕ, ನಂತರ ನಮ್ಮ ಬೀಗದ ಮೇಲೆ ಅವರದೊಂದು ಬೀಗ, ಅದಾದ ಮೇಲೆ ನೋಟಿಸು, ಕೊನೆಗೆ ಬಾಕಿ ವಸೂಲಿಗಾಗಿ ಒಳಗಿನ ಸಾಮಾನಿನ ಹರಾಜು. ನೋಟಿಸಿನ ವಿಧಾನ ಮತ್ತು ಗಡುವು ಆಯಾ ಕಡೆಯ ಕಾನೂನಿನಂತೆ ಬದಲಾಗುತ್ತವೆ, ಆದರೆ ಬ್ಯಾಂಕಿನ ಕಾರ್ಡ್ ಅವಧಿ ಮುಗಿದು ಸ್ವಯಂ ಪಾವತಿ ನಿಂತುಹೋದದ್ದೂ ತಿಳಿಯದೆ, ಹಳೆಯ ವಿಳಾಸಕ್ಕೆ ಹೋದ ನೋಟಿಸೂ ತಲುಪದೆ ಸಾಮಾನು ಕಳೆದುಕೊಳ್ಳುವ ಸಾಧ್ಯತೆ ಎಲ್ಲ ಕಡೆಯೂ ಇದೆ. ನಾನು ಎರಡನೆಯ ಸಂಪರ್ಕವಾಗಿ ಅಕ್ಕನ ದೂರವಾಣಿ ಸಂಖ್ಯೆಯನ್ನು ಕೊಟ್ಟು, ವಿಳಾಸ ಬದಲಾದ ದಿನವೇ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆದಿದ್ದೆ.

ಇಡಬಾರದ ವಸ್ತುಗಳ ಪಟ್ಟಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ: ಪೆಟ್ರೋಲು, ಸೀಮೆಎಣ್ಣೆ, ಥಿನ್ನರ್, ಗ್ಯಾಸ್ ಸಿಲಿಂಡರ್, ಪಟಾಕಿ, ಆಹಾರ ಪದಾರ್ಥ, ಗಿಡ, ಪ್ರಾಣಿ. ಲಿಥಿಯಂ ಬ್ಯಾಟರಿಗಳನ್ನು ಕೆಲವರು ಒಪ್ಪುವುದಿಲ್ಲ. ಒಪ್ಪಿದರೂ ಉಪಕರಣದಿಂದ ಬೇರ್ಪಡಿಸಿ, ಅರ್ಧದಷ್ಟು ಮಾತ್ರ ಚಾರ್ಜ್ ಇರುವಂತೆ ನಮ್ಮೊಡನೆಯೇ ಒಯ್ಯುವುದು ಲೇಸು.

ಸಾಮಾನನ್ನು ಮನೆಯಿಂದಲೇ ಒಯ್ದು, ಪಟ್ಟಿ ಮಾಡಿ, ತಮ್ಮ ಗೋದಾಮಿನಲ್ಲಿಟ್ಟು, ಕೇಳಿದಾಗ ತಂದುಕೊಡುವ ಸೇವೆಯೂ ಈಗ ಇದೆ. ಒಂದು ವರ್ಷ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲದವರಿಗೆ ಅದು ಹೊಂದಬಹುದು; ಅಲ್ಲಿ ವಸ್ತುಗಳ ಎಣಿಕೆಯಾದರೂ ಇರುತ್ತದೆ. ಆದರೆ ನಾವು ಒಳಗೆ ಹೋಗುವಂತಿಲ್ಲ, ಒಂದು ಪೆಟ್ಟಿಗೆ ಬೇಕಾದರೂ ಮೊದಲೇ ತಿಳಿಸಿ ಪ್ರತ್ಯೇಕ ಹಣ ಕಟ್ಟಬೇಕು. ಆರನೆಯ ತಿಂಗಳು ನಾನೇ ಹೋಗಿ ಆ ಪೆಟ್ಟಿಗೆಯನ್ನು ಎಳೆಯುವಂತಿಲ್ಲದಿದ್ದರೆ ನಾಲ್ಕು ಪುಸ್ತಕಗಳ ಬದಲು ನಲವತ್ತು ಹೋಗುತ್ತಿದ್ದವು. ಎರಡು ತಿಂಗಳಿಗೊಮ್ಮೆಯಾದರೂ ನಾವೋ ನಮ್ಮವರೋ ಹೋಗಿ ನೋಡಬಹುದಾದಷ್ಟು ಹತ್ತಿರದಲ್ಲಿರುವ ಕೋಣೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲವೆಂದು ನನಗೆ ತೋರುವುದು ಈ ಕಾರಣಕ್ಕೆ.

ತೆರವಿನ ದಿನ ಲಿಫ್ಟ್ ಮೂರು ಗಂಟೆ ಕೆಟ್ಟು ನಿಂತಿತ್ತು; ಲಾರಿಯವರಿಗೆ ಕಾದದ್ದಕ್ಕೆ ಹೆಚ್ಚಿಗೆ ಕೊಡಬೇಕಾಯಿತು, ಸಂಸ್ಥೆ ಅದನ್ನು ಭರಿಸಲಿಲ್ಲ. ಉಳಿದಂತೆ ಕೆಲಸ ಅಚ್ಚುಕಟ್ಟಾಗಿತ್ತು. ಹದಿನಾಲ್ಕು ದಿನ ಮೊದಲೇ ಲಿಖಿತ ಸೂಚನೆ ಕೊಟ್ಟಿದ್ದೆ. ತಿಂಗಳ ನಡುವೆ ಬಿಟ್ಟರೆ ಉಳಿದ ದಿನಗಳ ಬಾಡಿಗೆ ಮರಳಿ ಕೊಡುವುದಿಲ್ಲವೆಂದು ತಿಳಿದಿದ್ದರಿಂದ ಬಿಲ್ಲಿನ ದಿನಾಂಕಕ್ಕೆ ಎರಡು ದಿನ ಮುಂಚೆ ಖಾಲಿ ಮಾಡಿದೆ. ಕೋಣೆ ಗುಡಿಸಿ, ಖಾಲಿ ಕೋಣೆಯ ಫೋಟೋ ತೆಗೆದು, ಬೀಗ ಬಿಚ್ಚಿ, ಖಾತೆ ಮುಚ್ಚಿದೆಯೆಂಬ ಪತ್ರವನ್ನು ಕೌಂಟರಿನಲ್ಲೇ ಪಡೆದೆ. ಬೀಗ ತೆಗೆಯದೆ ಹೋದರೆ ಕೋಣೆ ಇನ್ನೂ ನಮ್ಮ ವಶದಲ್ಲಿದೆಯೆಂದು ಬಿಲ್ಲು ಮುಂದುವರಿಯುತ್ತದೆ. ಹೊರಡುವ ಮೊದಲು ವ್ಯವಸ್ಥಾಪಕರ ಬಳಿ, ಆ ಹಿಂಗೋಡೆಯ ಕೋಣೆಯನ್ನು ಪುಸ್ತಕ ಇಡುವವರಿಗೆ ಕೊಡಬೇಡಿ ಎಂದೆ. ಅವರು ಕಂಪ್ಯೂಟರಿನಲ್ಲಿ ಏನನ್ನೋ ಬರೆದುಕೊಂಡರು. ಠೇವಣಿ ಒಂಬತ್ತನೆಯ ದಿನ ಪೂರ್ತಿಯಾಗಿ ಖಾತೆಗೆ ಬಂತು.